ಕ್ಯಾರೆಟ್ ಬಲಗೈಯಲ್ಲಿ, ತಗಡು ಎಡಗೈಯಲ್ಲಿ

ಕ್ಯಾರೆಟ್ ತುರಿಯುವಾಗ ನಾನು ಕ್ಯಾರೆಟನ್ನು ಅಲ್ಲಾಡಿಸುವುದಿಲ್ಲ, ತುರಿಮಣೆಯನ್ನು ಅಲ್ಲಾಡಿಸುತ್ತೇನೆ. ಬಲಗೈಯಲ್ಲಿ ಕ್ಯಾರೆಟ್ ತುದಿ ಊರಿ ಗಟ್ಟಿಯಾಗಿ ನಿಂತಿರುತ್ತದೆ, ಎಡಗೈಯಲ್ಲಿ ತುರಿಮಣೆ ಅದರ ಮೈಮೇಲೆ ಹೋಗಿ ಬಂದು ಮಾಡುತ್ತದೆ. ನೋಡಿದವರು ನಗುತ್ತಾರೆ. ಮೂಡುಬಿದಿರೆಯ ಈ ಮನೆಗೆ ಸೊಸೆ ಬಂದ ಹೊಸತರಲ್ಲಿ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನ ತವರಿನವರಿಗೆ ಕಳಿಸಿದಳು. ನಿನ್ನ ಅತ್ತೆ ಪಿಟೀಲು ಬಾರಿಸುತ್ತಿದ್ದಾರಾ ಎಂದು ಅವರು ಕೇಳಿದರಂತೆ. ಕೇಳಲಿ. ಅಡುಗೆಮನೆಯಲ್ಲಿ ನಾಲ್ಕು ಮುಖದ ಸ್ಟೀಲಿನ ತುರಿಮಣೆ ಉಂಟು, ಮಿಕ್ಸಿಯ ಜೊತೆ ಬಂದ ತುರಿಯುವ ಚಕ್ರ ಉಂಟು, ಹಿಡಿಕೆ ತಿರುಗಿಸುವ ಪ್ಲಾಸ್ಟಿಕ್ಕಿನದ್ದೂ ಒಂದು ಉಂಟು. ಸೊಸೆ ಆ ಚಕ್ರವನ್ನು ಹುಡುಕಿ, ತೊಳೆದು, ಜೋಡಿಸಿ, ಸ್ವಿಚ್ ಒತ್ತುವಷ್ಟರಲ್ಲಿ ನಾನು ಅರ್ಧ ಕೆಜಿ ತುರಿದು ಮುಗಿಸಿರುತ್ತೇನೆ. ಜಂಬ ಕೊಚ್ಚುತ್ತಿದ್ದಾಳೆ ಅಂದುಕೊಳ್ಳಿ, ನನಗೆ ಬೇಸರವಿಲ್ಲ. ಈ ವಿಷಯ ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಹತ್ತು ವರ್ಷದವಳಿದ್ದಾಗ ಒಂದು ಭಾನುವಾರ ಬೆಳಗ್ಗೆ ಕಲಿತ ವಿದ್ಯೆ ಇದು, ಮತ್ತು ನನ್ನ ಎಡಗೈ ನನ್ನದೇ ಆದದ್ದು ಅವತ್ತು.

ನಮ್ಮ ಮನೆ ಮುಂಡಾಜೆಯಲ್ಲಿ, ಚಾರ್ಮಾಡಿ ರಸ್ತೆಗೆ ಮುಖ ಮಾಡಿಕೊಂಡಿತ್ತು. ಒಂದರ ಹಿಂದೆ ಒಂದು ಮೂರೇ ಕೋಣೆ. ಮುಂದಿನದು ಅಪ್ಪನ ಸೈಕಲ್ ಅಂಗಡಿ. ಹಿಂದಿನದು ಅಡುಗೆಮನೆ, ಅದು ಅಪ್ಪನ ಅಮ್ಮನದು, ಎಂದರೆ ನನ್ನ ಅಜ್ಜಿಯದು. ನಡುವಿನ ಕೋಣೆ ಯಾರದೂ ಅಲ್ಲ. ಅಲ್ಲಿ ನಾವು ಮಲಗುತ್ತಿದ್ದೆವು, ನಾನು ಪಾಠ ಬರೆಯುತ್ತಿದ್ದೆ, ಅಮ್ಮ ಎರಡೂ ಕಡೆಯ ಕೂಗಿಗೆ ಓಗೊಡುತ್ತ ಹಿಂದೆ ಮುಂದೆ ಓಡಾಡುತ್ತಿದ್ದಳು. ಮುಂದಿನಿಂದ ಸೀಮೆಎಣ್ಣೆ, ರಬ್ಬರು ಮತ್ತು ಪಂಕ್ಚರಿಗೆ ಹಾಕುವ ಸೊಲ್ಯೂಷನ್ನಿನ ವಾಸನೆ, ಹಿಂದಿನಿಂದ ತೆಂಗಿನೆಣ್ಣೆ ಒಗ್ಗರಣೆಯ ವಾಸನೆ. ಎರಡೂ ನಡುಕೋಣೆಯಲ್ಲಿ ಸೇರುತ್ತಿದ್ದವು, ನನ್ನ ಪುಸ್ತಕಗಳಿಗೆಲ್ಲ ಆ ಬೆರಕೆ ವಾಸನೆಯೇ ಇತ್ತು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆ ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸ್ವರ ಮಾತ್ರ ನನ್ನ ಕಿವಿಯಲ್ಲಿ ಹಾಗೆಯೇ ಉಂಟು.

ನಾನು ಹುಟ್ಟಾ ಎಡಗೈಯವಳು. ಶಾಲೆಯಲ್ಲಿ ಎಡಗೈಯಲ್ಲೇ ಬರೆಯುತ್ತಿದ್ದೆ, ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲ. ಊಟ ಬಲಗೈಯಲ್ಲಿ, ಅದು ಅಭ್ಯಾಸವಾಗಿತ್ತು. ಆದರೆ ತಿನ್ನುವ ವಸ್ತುವನ್ನು ಎಡಗೈಯಲ್ಲಿ ಮುಟ್ಟಿ ಕೆಲಸ ಮಾಡುವುದನ್ನು ಅಜ್ಜಿ ಸಹಿಸುತ್ತಿರಲಿಲ್ಲ. ಕೊಳಕಿಗೆ ಎಡಗೈ, ಅನ್ನಕ್ಕೆ ಬಲಗೈ, ಅವಳ ಲೆಕ್ಕ ಅಷ್ಟು ಸರಳ. ಅಪ್ಪನ ಸಂಗತಿ ಇನ್ನೂ ಮಜವಾಗಿತ್ತು. ಅಂಗಡಿಯಲ್ಲಿ ಅವನ ಎಡಗೈಯೇ ಯಜಮಾನ. ನಟ್ಟು ಬಿಚ್ಚುವುದು, ಚೈನು ಏರಿಸುವುದು, ಗಾಳಿ ಹೊಡೆಯುವುದು ಎಲ್ಲ ಎಡಗೈಯಲ್ಲೇ. ಆದರೆ ಅಜ್ಜಿ ಚಾ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದಳೋ, ಸ್ಪಾನರ್ ಎಡಗೈಯಿಂದ ಬಲಗೈಗೆ ಹಾರುತ್ತಿತ್ತು. ಅವಳು ಬೆನ್ನು ತಿರುಗಿಸಿದ ಕೂಡಲೇ ವಾಪಸು. ನಲವತ್ತು ದಾಟಿದ, ದಪ್ಪ ಮೀಸೆಯ ಗಂಡಸು ಹೀಗೆ ಮಾಡುವುದನ್ನು ನೋಡಿ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಒಂದು ದಿನ ಅಮ್ಮ ನನ್ನನ್ನು ಗದರಿ, ಮೆಲ್ಲಗೆ ವಿಷಯ ತಿಳಿಸಿದಳು. ಅಪ್ಪ ಸಣ್ಣವನಿದ್ದಾಗ ಒಂದಿಡೀ ವರ್ಷ ಊಟಕ್ಕೆ ಕೂತಾಗೆಲ್ಲ ಅಜ್ಜಿ ಅವನ ಎಡಗೈಯನ್ನು ಮೈ ಒರೆಸುವ ಬೈರಾಸಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳಂತೆ. ನನಗೂ ಹಾಗೆ ಮಾಡಲು ಹೊರಟಾಗ ಅಪ್ಪ ಅಡ್ಡ ಬರಲಿಲ್ಲ, ಸುಮ್ಮನೆ ಎದ್ದು ಅಂಗಡಿಗೆ ಹೋದ. ತಡೆದದ್ದು ಅಮ್ಮ. ಕೊನೆಗೆ ಒಪ್ಪಂದವಾದದ್ದು ಹೀಗೆ: ಕೈ ಕಟ್ಟುವುದು ಬೇಡ, ಆದರೆ ಹುಡುಗಿ ಅಡುಗೆಯ ಕೆಲಸಕ್ಕೆ ಕೈ ಹಾಕುವುದೂ ಬೇಡ. ಅದಾದ ಮೇಲೆ ನಾನು ನಗುವುದನ್ನು ಬಿಟ್ಟೆ.

ಕ್ಯಾರೆಟ್ ನಮ್ಮ ಮನೆಗೆ ಬಂದದ್ದು ಮೂಸಬ್ಬನ ಟೆಂಪೋದಲ್ಲಿ. ಘಟ್ಟದ ಮೇಲಿನಿಂದ ತರಕಾರಿ ಹೇರಿಕೊಂಡು ಬೆಳ್ತಂಗಡಿಗೆ, ಬಂಟ್ವಾಳಕ್ಕೆ ಹೋಗುವ ಅವನು ಬ್ರೇಕು ತಣಿಯಲಿ ಎಂದು ನಮ್ಮ ಅಂಗಡಿಯ ಎದುರು ನಿಲ್ಲಿಸಿ, ಅಪ್ಪನ ಹತ್ತಿರ ಸ್ವಲ್ಪ ಪಟ್ಟಾಂಗ ಹೊಡೆದು, ಹೋಗುವಾಗ ಮಣ್ಣು ಮೆತ್ತಿದ ನಾಲ್ಕು ಕ್ಯಾರೆಟ್ ಕೊಟ್ಟು ಹೋಗುತ್ತಿದ್ದ. ಅಬ್ಬಾ, ಆ ಬಣ್ಣ! ಸೌತೆ, ಬದನೆ, ಬಸಳೆ ನೋಡಿ ಬೆಳೆದ ಕಣ್ಣಿಗೆ ಅದು ತರಕಾರಿ ಅನ್ನಿಸುತ್ತಲೇ ಇರಲಿಲ್ಲ. ಅದನ್ನು ತುರಿಯುವುದು ಹೇಗೆ ಎಂಬುದೇ ಮೊದಲು ದೊಡ್ಡ ಚರ್ಚೆ. ಅಜ್ಜಿ ತೆಂಗಿನಕಾಯಿಯ ಹೆರೆಮಣೆಯ ಮೇಲೆ ಕೂತು, ಅದರ ಹಲ್ಲಿನ ನಾಲಿಗೆಗೆ ಕ್ಯಾರೆಟನ್ನು ಒತ್ತಿ ನೋಡಿದಳು. ಅದು ಜಾರಿ ಒಮ್ಮೆ ಅವಳ ಮಡಿಲಿಗೆ, ಒಮ್ಮೆ ಒಲೆಯ ಬುಡಕ್ಕೆ ಹಾರಿತು. ಬಿದ್ದ ನಾಲ್ಕು ಚೂರೂ ಮುದ್ದೆ. ಇದಕ್ಕೆ ಹೊಟ್ಟೆಯೇ ಇಲ್ಲ, ಹೆರೆಯುವುದು ಎಲ್ಲಿಂದ ಎಂದು ಬೈದು ಎದ್ದಳು. ಆಮೇಲೆ ಅಮ್ಮ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯಲ್ಲಿ ಎಳೆ ಎಳೆಯಾಗಿ ಹೆಚ್ಚಲು ನೋಡಿದಳು, ಅರ್ಧ ದಿನ ಹಿಡಿಯಿತು. ಕೊನೆಗೆ ಬೆಳ್ತಂಗಡಿ ಸಂತೆಯಿಂದ ತಂತಿಯ ಚೌಕಟ್ಟಿಗೆ ಬಾಗಿದ ತಗಡು ಕೂರಿಸಿದ ಒಂದು ತುರಿಮಣೆ ಬಂತು. ಅಮ್ಮನ ಕೈ ಅದಕ್ಕೆ ಚೆನ್ನಾಗಿ ಹೊಂದಿತು. ಪಾತ್ರೆಯ ಅಡಿಗೆ ಒದ್ದೆ ಬಟ್ಟೆ ಹಾಸಿ, ತುರಿಮಣೆಯನ್ನು ಓರೆಯಾಗಿ ಆನಿಸಿ, ತೊಟ್ಟಿನ ಕಡೆ ಹಿಡಿದು ಉದ್ದಕ್ಕೆ ಎಳೆದರೆ ಉದ್ದ ಎಳೆ, ಅಡ್ಡಕ್ಕೆ ಉಜ್ಜಿದರೆ ಕೋಸಂಬರಿಗೆ ಬೇಕಾದ ಗಿಡ್ಡ ಎಳೆ. ಬೆರಳಿನಷ್ಟು ಉಳಿದ ಮೇಲೆ ಅಂಗೈಯ ಅಡಿ ಮಲಗಿಸಿ ಒತ್ತಬೇಕು, ಇಲ್ಲದಿದ್ದರೆ ಗಿಣ್ಣಿನ ಚರ್ಮ ಹೋಗುತ್ತದೆ. ಉಳಿದ ತುಂಡು ನನಗೆ.

ನನಗೆ ತುಂಡು ಬೇಡ, ತುರಿಯುವ ಕೆಲಸ ಬೇಕಿತ್ತು. ಅಷ್ಟು ಚಂದದ ಕೆಲಸ ಇನ್ನೊಂದು ಉಂಟಾ? ಒಂದು ದಿನ ಅಜ್ಜಿಯನ್ನು ಕಾಡಿ ಬೇಡಿ, ಬಲಗೈಯಲ್ಲೇ ತುರಿಯುತ್ತೇನೆ ಎಂದು ಮಾತು ಕೊಟ್ಟು ಕೂತೆ. ಮೂರನೆಯ ಎಳೆತಕ್ಕೆ ಗಿಣ್ಣು ಸುಲಿದು, ತುರಿಯ ಮೇಲೆ ರಕ್ತ ಬಿತ್ತು. ಅಷ್ಟನ್ನೂ ಬಾಳೆಬುಡಕ್ಕೆ ಎಸೆದು ಅಜ್ಜಿ ಹೇಳಿದಳು:

"ಬಲಗೈ ಬರುವವರೆಗೆ ಈ ಕಡೆ ಬರಬೇಡ ಮಗಾ."

ಮಗಾ ಎಂದು ಪ್ರೀತಿಯಿಂದಲೇ ಹೇಳಿದಳು, ಅದಕ್ಕೇ ಹೆಚ್ಚು ಉರಿಯಿತು. ಅಷ್ಟರಲ್ಲಿ ಗುಲಾಬಿ ಅತ್ತೆ ಮನೆಗೆ ಬಂದಳು. ಅವಳು ಅಪ್ಪನ ತಂಗಿ, ಬಂಟ್ವಾಳಕ್ಕೆ ಕೊಟ್ಟದ್ದು. ಚೊಚ್ಚಲ ಬಸುರಿ, ಹೆರಿಗೆಗೆಂದು ಕರೆದುಕೊಂಡು ಬಂದಿದ್ದರು. ನನಗೆ ಅವಳೆಂದರೆ ಪ್ರಾಣ. ಜಡೆ ಹೆಣೆಯುವುದನ್ನು ನನ್ನ ಎಡಗೈಗೆ ಕಲಿಸಿದವಳೇ ಅವಳು. ಬಂದವಳಿಗೆ ಬಯಕೆ ಹತ್ತಿದ್ದು ಕ್ಯಾರೆಟ್ ಹಲ್ವದ್ದು. ಮುಂದಿನ ಭಾನುವಾರ ಅವಳ ಅತ್ತೆ ಮಾವ ನೋಡಲು ಬರುವವರಿದ್ದರು, ಅವತ್ತಿಗೆ ಆಗುವ ಹಾಗೆ ಹಿಂದಿನ ದಿನವೇ ಮಾಡಿಡುವ ಎಂದು ಅಜ್ಜಿ ತೀರ್ಮಾನಿಸಿದಳು. ಮೂಸಬ್ಬನಿಗೆ ಹೇಳಿ ಮೂರು ಕೆಜಿ ತರಿಸಿದರು. ಆ ಹಲ್ವದಲ್ಲಿ ನನ್ನ ಕೈಯೂ ಇರಬೇಕು ಎಂದು ನಾನೂ ತೀರ್ಮಾನಿಸಿದೆ. ತಿಂದು ಎಲ್ಲರೂ ಚಪ್ಪರಿಸುವಾಗ, ಇದರಲ್ಲಿ ಎಡಗೈಯಲ್ಲಿ ತುರಿದದ್ದೂ ಉಂಟು, ಯಾರಿಗಾದರೂ ಗೊತ್ತಾಯಿತಾ ಎಂದು ಕೇಳಬೇಕು. ಅಜ್ಜಿಯ ಮುಖ ಹೇಗಾಗುತ್ತದೆ ಎಂದು ಯೋಚಿಸಿಯೇ ನನಗೆ ಮೈ ಜುಮ್ಮೆನ್ನುತ್ತಿತ್ತು.

ಶನಿವಾರ ಶಾಲೆ ಬಿಟ್ಟು ಬರುವಾಗ ಅಮ್ಮ ತುರಿಯಲು ಕೂತಾಗಿತ್ತು. ತುರಿಮಣೆ ಇದ್ದದ್ದು ಒಂದೇ. ಹಾಗಾದರೆ ನಾನು ಏನು ಮಾಡುವುದು? ಅಂಗಡಿಗೆ ಹೋದೆ. ಅಪ್ಪ ಹೊಸ ಟ್ಯೂಬು ತರಲು ಬೆಳ್ತಂಗಡಿಗೆ ಹೋಗಿದ್ದ. ಬೆಂಚಿನ ಮೇಲೆ ಅವನ ಪಂಕ್ಚರ್ ಸಾಮಾನು ಇತ್ತು, ಅದರ ನಡುವೆ ಟ್ಯೂಬ್ ಉಜ್ಜುವ ತಗಡು. ಸೈಕಲ್ ಅಂಗಡಿಯನ್ನು ಕಂಡವರಿಗೆ ಅದು ಗೊತ್ತಿರುತ್ತದೆ. ತಗಡಿಗೆ ಮೊಳೆಯಿಂದ ಸಾಲು ಸಾಲು ತೂತು ಹೊಡೆದು, ಮುಳ್ಳಿನಂತೆ ಎದ್ದ ಬದಿ ಮೇಲೆ ಬರುವಂತೆ ಮರದ ತುಂಡಿಗೆ ಬಡಿದಿರುತ್ತಾರೆ. ತೇಪೆ ಅಂಟಿಸುವ ಮೊದಲು ಟ್ಯೂಬನ್ನು ಅದರಿಂದ ತರಿ ತರಿ ಮಾಡುವುದು. ನೋಡುತ್ತ ನೋಡುತ್ತ ನನಗೆ ಹೊಳೆಯಿತು. ಇದೂ ತುರಿಮಣೆಯೇ ಅಲ್ಲವಾ! ಸಾಬೂನು ಹಾಕಿ ತೊಳೆದೆ, ಎರಡು ಸಲ ತೊಳೆದೆ. ಐದು ಕ್ಯಾರೆಟ್ ಲಂಗದಲ್ಲಿ ಸುತ್ತಿಕೊಂಡು ತಂದು, ಅಂಗಡಿಯ ಹಿಂದೆ ಕೂತು, ತಗಡನ್ನು ಮೊಣಕಾಲಿನ ಮೇಲಿಟ್ಟು ಎಡಗೈಯಲ್ಲಿ ತುರಿದೆ. ಏನು ವೇಗ! ಕೈಗೆ ದಾರಿ ಮೊದಲೇ ಗೊತ್ತಿದ್ದಂತೆ ಓಡಿತು. ತುರಿ ಹೂವಿನ ಪುಡಿಯಷ್ಟು ನಯವಾಗಿ ಬಿತ್ತು. ಅಮ್ಮ ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಲು ಎದ್ದ ಹೊತ್ತು ನೋಡಿ, ಅದನ್ನು ದೊಡ್ಡ ಪಾತ್ರೆಗೆ ಸುರಿದು, ಕಲಸಿ, ಪಾಠ ಓದುವವಳಂತೆ ಬಂದು ಕೂತೆ.

ಅಜ್ಜಿ ಬಾಣಲೆಯಲ್ಲಿ ತುಪ್ಪ ಕಾಯಿಸಿ ತುರಿ ಹಾಕಿದಳು. ಸ್ವಲ್ಪ ಹೊತ್ತಿಗೆ ಯಾರೋ ಟ್ಯೂಬು ಸುಡುತ್ತಿದ್ದಾರೆ ಎಂದು ಗೊಣಗುತ್ತ ಅಂಗಡಿಗೆ ಬಂದು ಇಣುಕಿದಳು. ಅಂಗಡಿಯಲ್ಲಿ ಯಾರೂ ಇಲ್ಲ. ರಸ್ತೆ ನೋಡಿದಳು, ರಸ್ತೆಯಲ್ಲೂ ಏನಿಲ್ಲ. ಒಳಗೆ ಹೋದರೆ ವಾಸನೆ ಇನ್ನೂ ಜೋರು. ನಡುಕೋಣೆಯಲ್ಲಿದ್ದ ಅತ್ತೆ ಸೆರಗಿನಿಂದ ಮೂಗು ಮುಚ್ಚಿ ಅಂಗಳಕ್ಕೆ ಓಡಿದಳು. ಅಜ್ಜಿ ಬಾಣಲೆಯ ಹತ್ತಿರ ಬಗ್ಗಿದಳು, ಒಂದು ಚಿಟಿಕೆ ನಾಲಿಗೆಗೆ ಇಟ್ಟು ಉಗುಳಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಪುಸ್ತಕ ಹಿಡಿದ ಎಡಗೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕೇಸರಿಯಾಗಿತ್ತು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ನಾನೇ ಎಲ್ಲ ಹೇಳಿಬಿಟ್ಟೆ. ಅಜ್ಜಿ ಕೂಗಾಡಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

"ನಾಳೆ ಬೀಗರ ಎದುರು ಎಂತ ಇಡುವುದು ನಾನು? ಎಡಗೈ ಮುಟ್ಟಿದ್ದು ಹೀಗೇ ಆಗುವುದು. ಇನ್ನು ಈ ಹೊಸ್ತಿಲು ದಾಟಬೇಡ ನೀನು."

ಅಷ್ಟು ಹೊತ್ತಿಗೆ ಅಪ್ಪ ಬಂದ. ಹೆಗಲಿಗೆ ಹೊಸ ಟ್ಯೂಬುಗಳನ್ನು ನೇತುಹಾಕಿಕೊಂಡೇ ಒಳಗೆ ಬಂದು, ಬಾಣಲೆ ನೋಡಿ, ಮೂಸಿ, ನನ್ನ ಕೈ ನೋಡಿದ. ಬೆನ್ನಿಗೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವನು ಅಜ್ಜಿಗೆ ಹೇಳಿದ:

"ಇದು ಸೊಲ್ಯೂಷನ್ ವಾಸನೆ ಅಮ್ಮ. ಕೈಯದ್ದಲ್ಲ, ತಗಡಿನದ್ದು. ತಗಡು ನನ್ನದು."

ಹೊರಗಿನವರಿಗೆ ಇದೇನು ದೊಡ್ಡ ಮಾತು ಅನ್ನಿಸಬಹುದು. ನಮ್ಮ ಮನೆಯಲ್ಲಿ ಅಪ್ಪ ಅಜ್ಜಿಗೆ ಎದುರು ಹೇಳಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿಯೇ ಇರಲಿಲ್ಲ. ಅಮ್ಮ ಸೌಟು ಹಿಡಿದವಳು ಹಾಗೆಯೇ ನಿಂತಳು. ಅಜ್ಜಿ ಬಾಣಲೆ ಎತ್ತಿ ಹಿತ್ತಿಲಿಗೆ ಹೋದಳು, ಮೂರು ಕೆಜಿ ಕ್ಯಾರೆಟ್ ಬಾಳೆಬುಡಕ್ಕೆ ಬಿತ್ತು.

ಭಾನುವಾರ ಬೆಳಗಾಗುತ್ತಲೇ ನನ್ನನ್ನು ಎಬ್ಬಿಸಿದ್ದು ಟಕ್ ಟಕ್ ಎಂಬ ಸದ್ದು. ಅಂಗಡಿಗೆ ಓಡಿ ನೋಡಿದರೆ ಅಪ್ಪ ಬಿಸ್ಕತ್ತು ಡಬ್ಬದ ಹೊಚ್ಚ ಹೊಸ ಮುಚ್ಚಳವನ್ನು ಮರದ ಮೇಲೆ ಕವುಚಿ, ಮೊಳೆಯಿಂದ ತೂತು ಹೊಡೆಯುತ್ತಿದ್ದ. ಒಂದು ಸಾಲಿನ ತೂತು ಮುಂದಿನ ಸಾಲಿನ ಸಂದಿಗೆ ಬರಬೇಕು, ಆಗ ಕ್ಯಾರೆಟಿನಲ್ಲಿ ಗೀರು ಬೀಳದೆ ಮೈಯಿಡೀ ಸವೆಯುತ್ತದೆ ಎಂದು ವಿವರಿಸಿದ. ಅಂಚು ಮಡಚಿ ಬಡಿದು, ಹುಣಸೆಹುಳಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಕುದಿಸಿದ. ಮೂಸಿ ನೋಡು ಎಂದು ಮೂಗಿಗೆ ಹಿಡಿದ. ಏನೂ ವಾಸನೆಯಿಲ್ಲ. ಅಷ್ಟರಲ್ಲಿ ಮೂಸಬ್ಬನ ಟೆಂಪೋ ಇಳಿದು ಬಂತು. ಅಪ್ಪ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದ, ಮತ್ತೆ ಮೂರು ಕೆಜಿ ಇಳಿಸಿಕೊಂಡ. ನೇರ ಅಡುಗೆಮನೆಗೆ ನಡೆದು, ದೊಡ್ಡ ಪಾತ್ರೆಯನ್ನು ಹೊಸ್ತಿಲಿಗೆ ತಾಗಿಸಿ ಒಳಗಡೆ ಇಟ್ಟ. ನನ್ನನ್ನು ಹೊಸ್ತಿಲಿನ ಈಚೆ, ನಡುಕೋಣೆಯಲ್ಲಿ ಕೂರಿಸಿದ. ದಾಟಬೇಡ ಎಂದಲ್ಲವಾ ಅಜ್ಜಿ ಹೇಳಿದ್ದು, ಇವಳು ದಾಟಲಿಲ್ಲ ಎಂಬುದು ಅವನ ಲೆಕ್ಕ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಅಪ್ಪ ಅವಳನ್ನು ನೋಡದೆ ನನಗೆ ಹೇಳಿದ:

"ಕ್ಯಾರೆಟ್ ಬಲಗೈಯಲ್ಲಿ ಹಿಡಿ. ತುದಿಯನ್ನು ಪಾತ್ರೆಯ ತಳಕ್ಕೆ ಊರು. ಇನ್ನು ಅದನ್ನು ಅಲ್ಲಾಡಿಸಬೇಡ. ಟ್ಯೂಬ್ ಉಜ್ಜುವಾಗ ನಾನು ಟ್ಯೂಬ್ ಅಲ್ಲಾಡಿಸ್ತೇನಾ? ತಗಡು ಓಡಬೇಕು."

ತಗಡನ್ನು ನನ್ನ ಎಡಗೈಗೆ ಕೊಟ್ಟ. ಮೊದಲ ಎಳೆತಕ್ಕೆ ಜಾರಿತು. ಎರಡನೆಯದಕ್ಕೆ ಹಿಡಿಯಿತು. ಮೂರನೆಯದಕ್ಕೆ ನನ್ನ ಮೈಯಲ್ಲಿ ಏನೋ ಓಡಿತು, ಈಗಲೂ ಆ ಕ್ಷಣ ನೆನೆದರೆ ಓಡುತ್ತದೆ. ಬಲಗೈಗೆ ಮಾಡಲು ಏನೂ ಇಲ್ಲ, ಗಟ್ಟಿಯಾಗಿ ಹಿಡಿದರೆ ಸಾಕು. ಓಡುವುದೆಲ್ಲ ಎಡಗೈ. ಒಂದು ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಎದುರಿನ ರಾಶಿ ಇಳಿಯಿತು, ಪಾತ್ರೆಯ ರಾಶಿ ಏರಿತು. ಅತ್ತೆ ನನ್ನ ಪಕ್ಕಕ್ಕೇ ಬಂದು ಗೋಡೆಗೆ ಒರಗಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದಳು. ಅಜ್ಜಿ ಮಾತ್ರ ನಿಂತೇ ಇದ್ದಳು. ಎಲ್ಲಿ ತಪ್ಪು ಸಿಗುತ್ತದೆ ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಆಗ ಅಪ್ಪ ಕೇಳಿದ:

"ತಿನ್ನುವ ವಸ್ತು ಯಾವ ಕೈಯಲ್ಲಿ ಉಂಟು ಅಮ್ಮ?"

ಅಜ್ಜಿ ಬಗ್ಗಿ ನೋಡಿದಳು. ಕ್ಯಾರೆಟ್ ಬಲಗೈಯಲ್ಲೇ ಇತ್ತು. ಎಷ್ಟು ನೋಡಿದರೂ ಬಲಗೈಯಲ್ಲೇ ಇತ್ತು. ಪಾತ್ರೆಯಿಂದ ಒಂದು ಚಿಟಿಕೆ ಎತ್ತಿ ಬೆರಳ ನಡುವೆ ತಿಕ್ಕಿದಳು, ಮೂಸಿದಳು, ಬಾಯಿಗೆ ಹಾಕಿದಳು.

"ಸಣ್ಣ ಉಂಟು, ಬೇಗ ಬೇಯ್ತದೆ," ಎಂದಳು. ಬೆರಳನ್ನು ಸೆರಗಿಗೆ ಒರೆಸಿ, "ತೊಟ್ಟಿನ ಹತ್ತಿರ ಅಷ್ಟು ಬಿಡಬೇಡ, ದಂಡ" ಎಂದು ಸೇರಿಸಿ ಒಲೆಯ ಕಡೆ ಹೋದಳು. ಅಜ್ಜಿ ಅಮ್ಮನನ್ನು ಬೈಯುತ್ತಿದ್ದದ್ದೂ ಹೀಗೆಯೇ, ಅಡುಗೆ ಕೆಲಸ ಮಾಡುವವರನ್ನು ಬೈಯುವ ಹಾಗೆ. ನನಗೆ ಕುಣಿಯಬೇಕು ಅನ್ನಿಸಿತು, ಕೈ ಬಿಡುವಿರಲಿಲ್ಲ.

ಬೀಗರು ಬಂದರು, ಹಲ್ವ ಹೊಳೆ ಹೊಳೆಯುತ್ತ ಬಂತು. ಅತ್ತೆ ಮೂರು ಸಲ ಹಾಕಿಸಿಕೊಂಡಳು. ಇಷ್ಟು ನಯವಾಗಿ ತುರಿದದ್ದು ಯಾರು ಎಂದು ಅವಳ ಅತ್ತೆ ಕೇಳಿದಾಗ ಅಜ್ಜಿ, ನಮ್ಮ ಮಗು ಎಂದಳು. ಯಾವ ಕೈ ಎಂದು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲೇ ಯೋಚಿಸಿಟ್ಟ ಮಾತು ನೆನಪಿಗೇ ಬರಲಿಲ್ಲ.

ಸಂಜೆ ಅವರು ಬಸ್ಸು ಹತ್ತಿದ ಮೇಲೆ ನಾಲ್ಕು ಕ್ಯಾರೆಟ್ ಉಳಿದಿತ್ತು. ಗಂಜಿಗೆ ಒಂದು ಕೋಸಂಬರಿ ಆಗಲಿ ಎಂದು ಅಜ್ಜಿ ಹೆಸರುಬೇಳೆ ನೆನೆಹಾಕಿದಳು. ನನ್ನ ಮಣಿಕಟ್ಟು ಬಾತುಕೊಂಡಿತ್ತು, ಅಮ್ಮ ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹೊಸ್ತಿಲಿನಲ್ಲಿ ಚಾ ಕುಡಿಯುತ್ತ ಕೂತಿದ್ದ ಅಪ್ಪನ ಮುಂದೆ ಅಜ್ಜಿ ಪಾತ್ರೆ, ಕ್ಯಾರೆಟ್, ತಗಡು ತಂದಿಟ್ಟಳು. ಅಪ್ಪ ಒಮ್ಮೆ ಅವಳನ್ನು ನೋಡಿದ. ತಗಡನ್ನು ಪಾತ್ರೆಗೆ ಆನಿಸಿ, ಅಲ್ಲಾಡಿಸದೆ ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಕ್ಯಾರೆಟನ್ನು ಆಡಿಸುತ್ತ ತುರಿಯತೊಡಗಿದ. ಬೆಳಗ್ಗೆ ನನಗೆ ಅಷ್ಟು ಧೈರ್ಯವಾಗಿ ಕಲಿಸಿದ ಮನುಷ್ಯ, ತನ್ನ ಅಮ್ಮನ ಎದುರು ಕೂತ ಕೂಡಲೇ ಮತ್ತೆ ಬಲಗೈಯ ಮಗನಾಗಿದ್ದ. ಕ್ಯಾರೆಟ್ ತಡವರಿಸಿತು, ತುರಿ ಪಾತ್ರೆಯ ಹೊರಗೆ ಬಿತ್ತು. ನೋಡಲಾರದೆ ನಾನು ಮುಖ ತಿರುಗಿಸಿದೆ. ಅಜ್ಜಿ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನಿನಗೆ ಹೇಗೆ ಬರ್ತದೋ ಹಾಗೆ ತುರಿ ಮಗಾ."

ಅಪ್ಪನ ಕೈ ನಿಂತಿತು. ಅವಳು ಹೇಳಿದ್ದು ಅದೇ ಹೌದಾ ಎಂದು ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಆಗ ಅವನು ಕ್ಯಾರೆಟನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡ. ತಿನ್ನುವ ವಸ್ತು, ಎಡಗೈಯಲ್ಲಿ, ಅಜ್ಜಿಯ ಕಣ್ಣೆದುರು. ಎರಡು ಎಳೆತ ಮೆಲ್ಲಗೆ ಎಳೆದ. ಆಮೇಲೆ ಅವನ ಕೈ ಓಡಿದ್ದನ್ನು ಏನೆಂದು ಬರೆಯಲಿ, ನಾಲ್ಕು ಕ್ಯಾರೆಟ್ ಎಲ್ಲಿ ಹೋಯಿತು ಎಂದೇ ತಿಳಿಯಲಿಲ್ಲ.

ಗಂಜಿಗೆ ಕೂತಾಗ ಉಪ್ಪು ಸ್ವಲ್ಪ ಕಡಿಮೆ ಉಂಟು ಎಂದಳು ಅಜ್ಜಿ. ಹಾಗೆ ಹೇಳುತ್ತಲೇ ಆ ಕೋಸಂಬರಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು.